ಸುಡೊ ಅಧಿಕಾರ ಕಳೆದುಕೊಂಡಿದ್ದೇನೆ: ಆನ್‌ಲೈನ್ ಕೋರ್ಸಿನಲ್ಲಿ ಲಿನಕ್ಸ್ ಕಲಿಯುತ್ತಿರುವವಳ ಪ್ರಶ್ನೆ

ಶನಿವಾರಸಂತೆ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಶನಿವಾರಸಂತೆಯಿಂದ ಸ್ವಲ್ಪ ಒಳಗಿರುವ ಹಳ್ಳಿಯಲ್ಲಿ ಕುಳಿತು, ಒಂದು ಕಾಲೇಜಿನ ಆನ್‌ಲೈನ್ ಕೋರ್ಸಿನ ಮೂಲಕ ಲಿನಕ್ಸ್ ಆಡಳಿತ ಕಲಿಯುತ್ತಿದ್ದೇನೆ. ಅಣ್ಣ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು 22.04 ಎಂಬ ಲಿನಕ್ಸ್ ಹಾಕಿಕೊಂಡಿದ್ದೇನೆ, ಅದರಲ್ಲಿ ಬೇರೆ ವ್ಯವಸ್ಥೆ ಯಾವುದೂ ಇಲ್ಲ. ಫೋನಿನಿಂದ ಬರೆಯುತ್ತಿರುವ ಕಾರಣ ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ದಯವಿಟ್ಟು ಹೊಂದಿಸಿಕೊಂಡು ಓದಿ.

ನಾಲ್ಕನೆಯ ವಾರದ ಪಾಠ ಬಳಕೆದಾರರನ್ನೂ ಗುಂಪುಗಳನ್ನೂ ಕುರಿತದ್ದು. ಹೊಸದೊಂದು ಗುಂಪನ್ನು ಮಾಡಿ ಅದಕ್ಕೆ ನಿಮ್ಮನ್ನೇ ಸೇರಿಸಿಕೊಳ್ಳಿ ಎಂದು ಅಭ್ಯಾಸದಲ್ಲಿತ್ತು. ವಿಡಿಯೊದಲ್ಲಿ ತೋರಿಸಿದಂತೆಯೇ, ಬಳಕೆದಾರರ ವಿವರ ಬದಲಿಸುವ ಯೂಸರ್‌ಮಾಡ್ ಕಮಾಂಡಿಗೆ ದೊಡ್ಡಕ್ಷರದ ಜಿ ಆಯ್ಕೆಯನ್ನು ಕೊಟ್ಟು, ಗುಂಪಿನ ಹೆಸರನ್ನೂ ನನ್ನ ಹೆಸರನ್ನೂ ಬರೆದು ಎಂಟರ್ ಒತ್ತಿದೆ. ದೋಷವೆಂದು ಏನೂ ಬರಲಿಲ್ಲ, ಆ ಸಂಜೆಯೆಲ್ಲ ಸುಡೊ, ಅಂದರೆ ಆಡಳಿತಾಧಿಕಾರದಿಂದ ಕಮಾಂಡು ಓಡಿಸುವ ಸೌಲಭ್ಯ, ಎಂದಿನಂತೆ ಕೆಲಸ ಮಾಡಿತು. ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಬ್ಯಾಟರಿ ಹತ್ತು ನಿಮಿಷವೂ ನಿಲ್ಲದ ಲ್ಯಾಪ್‌ಟಾಪು ಅದರ ಹಿಂದೆಯೇ ಆರಿಹೋಯಿತು. ಮರುದಿನ ಮಧ್ಯಾಹ್ನ ಕರೆಂಟ್ ಬಂದ ಮೇಲೆ ಸುಡೊ ಕೊಟ್ಟರೆ, ನನ್ನ ಹೆಸರು ಆ ಅಧಿಕಾರ ಯಾರಿಗಿದೆಯೆಂದು ಬರೆದಿಡುವ ಸುಡೊಯರ್ಸ್ ಕಡತದಲ್ಲಿ ಇಲ್ಲವೆಂದೂ ಈ ಘಟನೆಯನ್ನು ವರದಿ ಮಾಡಲಾಗುವುದೆಂದೂ ಬರುತ್ತಿದೆ.

ಕರೆಂಟ್ ಹೋದದ್ದರಿಂದ ಡಿಸ್ಕಿನಲ್ಲಿ ಏನಾದರೂ ಕೆಟ್ಟಿದೆಯೇ? ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕೇ? ವರದಿ ಹೋಗುವುದು ಯಾರಿಗೆ, ಕಾಲೇಜಿಗೋ? ಕೋರ್ಸಿನ ಸಹಾಯ ವಿಭಾಗಕ್ಕೆ ಬರೆದು ಮೂರು ದಿನವಾಯಿತು, ಇನ್ನೂ ಉತ್ತರವಿಲ್ಲ.

ಗೋಣಿಕೊಪ್ಪದ ರಿಪೇರಿ ಅಂಗಡಿಯವ

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಪೆನ್‌ಡ್ರೈವ್ ಇದ್ದರೆ ಅರ್ಧ ಗಂಟೆಯಲ್ಲಿ ಹೊಸದಾಗಿ ಹಾಕಬಹುದು. ನಿಮ್ಮ ಕಡತಗಳನ್ನು ಮಾತ್ರ ಮೊದಲು ಬೇರೆ ಕಡೆ ನಕಲು ಮಾಡಿಕೊಳ್ಳಿ. ಅಂಗಡಿಗೆ ಬರುವ ಹತ್ತು ಯಂತ್ರಗಳಲ್ಲಿ ಎಂಟಕ್ಕೆ ನಾನು ಮಾಡುವುದು ಇದನ್ನೇ.

ಹಳೆಯ ಅಡ್ಮಿನ್, ಮಡಿಕೇರಿ

ಅಂಗಡಿಯವರು ಹೇಳಿದ್ದು ಗಿರಾಕಿಗೆ ಸರಿ, ವಿದ್ಯಾರ್ಥಿನಿಗೆ ಸರಿಯಲ್ಲ. ಹೊಸದಾಗಿ ಹಾಕಿದರೆ ಯಂತ್ರ ಸರಿಹೋಗುತ್ತದೆ, ಆದರೆ ನಿಮಗೆ ಏನಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ. ಕೋರ್ಸಿಗೆ ಕಟ್ಟಿದ ಹಣಕ್ಕೆ ಇಷ್ಟು ಒಳ್ಳೆಯ ಪ್ರಾಯೋಗಿಕ ತರಗತಿ ಮತ್ತೆ ಸಿಗುವುದೂ ಇಲ್ಲ.

ಮೊದಲನೆಯದಾಗಿ, ಕರೆಂಟಿನ ಮೇಲೆ ತಪ್ಪು ಹೊರಿಸಬೇಡಿ. ಯೂಸರ್‌ಮಾಡ್ ಕಮಾಂಡಿನ ದೊಡ್ಡ ಜಿ ಆಯ್ಕೆ ಇರುವ ಗುಂಪುಗಳ ಜೊತೆಗೆ ಇನ್ನೊಂದನ್ನು ಸೇರಿಸುವುದಿಲ್ಲ. ನೀವು ಕೊಟ್ಟ ಪಟ್ಟಿಯೇ ಇನ್ನು ಮುಂದೆ ನಿಮ್ಮ ಉಪಗುಂಪುಗಳ ಪೂರ್ತಿ ಪಟ್ಟಿ ಎಂದು ಅರ್ಥಮಾಡಿಕೊಂಡು ಉಳಿದೆಲ್ಲ ಗುಂಪುಗಳಿಂದ ನಿಮ್ಮ ಹೆಸರನ್ನು ತೆಗೆದುಹಾಕುತ್ತದೆ. ಸೇರಿಸಬೇಕಾದರೆ ಅದರ ಜೊತೆಗೆ ಚಿಕ್ಕಕ್ಷರದ ಎ ಇರಬೇಕು. ಉಬುಂಟುವಿನಲ್ಲಿ ಆಡಳಿತಾಧಿಕಾರ ಬರುವುದು ಸುಡೊ ಎಂಬ ಹೆಸರಿನ ಗುಂಪಿನ ಸದಸ್ಯತ್ವದಿಂದಲೇ. ಹೊಸ ಗುಂಪಿಗೆ ಸೇರುವ ಉತ್ಸಾಹದಲ್ಲಿ ನೀವು ಆ ಗುಂಪಿಗೆ ರಾಜೀನಾಮೆ ಕೊಟ್ಟಿದ್ದೀರಿ.

ಹಾಗಾದರೆ ಆ ಸಂಜೆ ಸುಡೊ ಹೇಗೆ ನಡೆಯಿತು ಎಂದು ಕೇಳಬೇಕಾದವರು ನೀವು. ಗುಂಪುಗಳ ಪಟ್ಟಿಯನ್ನು ವ್ಯವಸ್ಥೆ ನಿಮ್ಮ ಕೈಗೆ ಕೊಡುವುದು ಲಾಗಿನ್ ಆಗುವ ಹೊತ್ತಿನಲ್ಲಿ. ಆ ಲಾಗಿನ್ನಿನಿಂದ ಹುಟ್ಟಿದ ಪ್ರತಿಯೊಂದು ಟರ್ಮಿನಲ್ಲೂ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ. ಕಡತದಲ್ಲಿ ನಿಮ್ಮ ಹೆಸರು ಹೊಡೆದುಹೋಗಿದ್ದರೂ ಕೈಯಲ್ಲಿದ್ದ ಹಳೆಯ ಚೀಟಿ ನಡೆಯುತ್ತಿತ್ತು. ಕರೆಂಟ್ ಹೋಗಿ ಯಂತ್ರ ಆರಿ, ಮತ್ತೆ ಲಾಗಿನ್ ಆದಾಗ ಹೊಸ ಚೀಟಿ ಸಿಕ್ಕಿತು, ಅದರಲ್ಲಿ ಸುಡೊ ಇರಲಿಲ್ಲ. ಇಂಥ ತಪ್ಪುಗಳ ಅಪಾಯ ಇರುವುದೇ ಇಲ್ಲಿ, ಮಾಡಿದ ಹೊತ್ತಿಗೂ ಗೊತ್ತಾಗುವ ಹೊತ್ತಿಗೂ ಒಂದು ರಾತ್ರಿಯ ಅಂತರವಿರುತ್ತದೆ.

ವರದಿಯ ಬಗ್ಗೆ ಹೆದರಬೇಡಿ. ಅದು ನಿಮ್ಮದೇ ಯಂತ್ರದ ಲಾಗ್ ಕಡತದಲ್ಲಿ ಒಂದು ಸಾಲಾಗಿ ಬೀಳುತ್ತದೆ, ಅಷ್ಟೇ. ತಮಾಷೆಯೆಂದರೆ ಆ ಕಡತವನ್ನು ಓದುವ ಹಕ್ಕು ಎಡಿಎಂ ಎಂಬ ಗುಂಪಿನವರಿಗಿದೆ, ಅದರಿಂದಲೂ ನೀವು ಹೊರಬಿದ್ದಿದ್ದೀರಿ.

ಈಗ ರಿಪೇರಿ. ಯಂತ್ರವನ್ನು ಹೊತ್ತಿಸುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಿರಿ; ಹೊಸ ಮಾದರಿಯ ಯಂತ್ರವಾದರೆ ಎಸ್ಕೇಪ್ ಕೀಲಿಯನ್ನು ಒಂದೇ ಒಂದು ಸಲ ಒತ್ತಿ. ಯಂತ್ರ ಏಳುವ ಮುನ್ನ ಆಯ್ಕೆ ಕೇಳುವ ಗ್ರಬ್ ಪಟ್ಟಿ ಬಂದಾಗ ಮುಂದುವರಿದ ಆಯ್ಕೆಗಳಿಗೆ ಹೋಗಿ ರಿಕವರಿ ಮೋಡ್ ಆರಿಸಿ, ಅಲ್ಲಿಂದ ಪೂರ್ಣ ಅಧಿಕಾರದ ಕಮಾಂಡು ಪರದೆಯಾದ ರೂಟ್ ಶೆಲ್ಲಿಗೆ ಇಳಿಯಿರಿ. ಅಲ್ಲಿ ಡಿಸ್ಕು ಓದುವುದಕ್ಕಷ್ಟೇ ತೆರೆದಿರುತ್ತದೆ. ಬರೆಯಲು ಸಾಧ್ಯವಾಗುವಂತೆ ಮೌಂಟ್ ಕಮಾಂಡಿನಿಂದ ಮತ್ತೊಮ್ಮೆ ಏರಿಸಬೇಕು, ಅದರ ಆಯ್ಕೆಯ ಹೆಸರು ರೀಮೌಂಟ್, ಅಲ್ಪವಿರಾಮ, ಆರ್‌ಡಬ್ಲ್ಯೂ. ಆದರೆ ಏರಿಸುವ ಮೊದಲೇ ಒಂದು ಕೆಲಸ ಮಾಡಿ. ಇಟಿಸಿ ಕೋಶದಲ್ಲಿ (ಫೋಲ್ಡರಿನಲ್ಲಿ) ಗ್ರೂಪ್ ಎಂಬ ಕಡತದ ಪಕ್ಕದಲ್ಲೇ, ಅದೇ ಹೆಸರಿನ ಕೊನೆಯಲ್ಲಿ ಒಂದು ಅಡ್ಡಗೆರೆ ಇರುವ ಇನ್ನೊಂದು ಕಡತವಿದೆ. ಗುಂಪುಗಳನ್ನು ತಿದ್ದುವ ಕಮಾಂಡುಗಳು ತಿದ್ದುವ ಮುನ್ನ ಹಳೆಯ ಪ್ರತಿಯನ್ನು ಅಲ್ಲಿ ಎತ್ತಿಡುತ್ತವೆ. ಅದರಲ್ಲಿ ನಿಮ್ಮ ಹೆಸರು ಯಾವ ಯಾವ ಸಾಲಿನಲ್ಲಿದೆ ಎಂದು ಗ್ರೆಪ್ ಕಮಾಂಡಿನಿಂದ ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ಕಾಗದವೇ ಏಕೆಂದರೆ, ನೀವು ಮುಂದಿನ ತಿದ್ದುಪಡಿ ಮಾಡಿದ ಕ್ಷಣದಲ್ಲಿ ಆ ಹಳೆಯ ಪ್ರತಿಯ ಮೇಲೆ ಹೊಸ ಪ್ರತಿ ಬಂದು ಕೂರುತ್ತದೆ.

ಶನಿವಾರಸಂತೆ ವಿದ್ಯಾರ್ಥಿನಿ

ಸರ್, ತುಂಬಾ ಧನ್ಯವಾದಗಳು. ನೀವು ಹೇಳಿದಂತೆಯೇ ಮಾಡಿದೆ. ಎಸ್ಕೇಪ್ ಕೀಲಿಯನ್ನು ಗಾಬರಿಯಲ್ಲಿ ಎರಡು ಮೂರು ಸಲ ಒತ್ತಿದ್ದರಿಂದ ಪಟ್ಟಿಯ ಬದಲು ಗ್ರಬ್‌ನ ಬರಿಯ ಪ್ರಾಂಪ್ಟ್ ಬಂದು, ಇನ್ನೂ ಏನೋ ಕೆಡಿಸಿದೆ ಎಂದುಕೊಂಡು ಆರಿಸಿ ಮತ್ತೆ ಹೊತ್ತಿಸಿದೆ. ಅಡ್ಡಗೆರೆಯ ಕಡತದಲ್ಲಿ ನನ್ನ ಹೆಸರು ಎಡಿಎಂ, ಸಿಡಿರಾಮ್, ಸುಡೊ, ಡಿಪ್, ಪ್ಲಗ್‌ಡೆವ್, ಎಲ್‌ಪಿಅಡ್ಮಿನ್ ಸಾಲುಗಳಲ್ಲಿತ್ತು, ಇನ್ನೂ ಎರಡು ಇದ್ದವು. ಎಲ್ಲವನ್ನೂ ಬರೆದುಕೊಂಡು, ಈ ಸಲ ಚಿಕ್ಕ ಎ ಸಹಿತ, ಒಂದೇ ಕಮಾಂಡಿನಲ್ಲಿ ಅಲ್ಪವಿರಾಮ ಕೊಟ್ಟು ಸೇರಿಸಿದೆ. ಯಂತ್ರವನ್ನು ಮತ್ತೆ ಹೊತ್ತಿಸಿದ ಮೇಲೆ ಸುಡೊ ಬಂದಿದೆ. ಲಾಗ್ ಕಡತವನ್ನು ತೆರೆದು ನೋಡಿದರೆ ಆ ದಿನ ಸಂಜೆಯ ಹೊತ್ತಿನಲ್ಲಿ, ನನ್ನ ಹೆಸರನ್ನು ಇಂತಿಂಥ ಗುಂಪಿನಿಂದ ತೆಗೆಯಲಾಗಿದೆ ಎಂದು ಯೂಸರ್‌ಮಾಡ್ ಒಂದೊಂದೇ ಸಾಲಾಗಿ ಬರೆದಿಟ್ಟಿದೆ. ನಾನು ನೋಡಿರಲಿಲ್ಲ ಅಷ್ಟೇ.

ಒಂದು ಸಂಶಯ. ಪಾಸ್‌ವರ್ಡ್ ಕೇಳದೆಯೇ ರೂಟ್ ಶೆಲ್ಲು ಸಿಕ್ಕಿತಲ್ಲ, ಹಾಗಿದ್ದರೆ ನನ್ನ ಲ್ಯಾಪ್‌ಟಾಪನ್ನು ಕದ್ದವರಿಗೂ ಹೀಗೆಯೇ ಸಿಗುತ್ತದೆಯೇ?

ಹಳೆಯ ಅಡ್ಮಿನ್, ಮಡಿಕೇರಿ

ಸಿಗುತ್ತದೆ. ಯಂತ್ರ ಕೈಗೆ ಸಿಕ್ಕಿದವನಿಗೆ ಲಾಗಿನ್ ಪಾಸ್‌ವರ್ಡು ದೊಡ್ಡ ಅಡ್ಡಿಯಲ್ಲ. ತಡೆಯಬೇಕಾದರೆ ಡಿಸ್ಕನ್ನೇ ಗೂಢಲಿಪಿಗೆ ಹಾಕಬೇಕು, ಅದಕ್ಕೆ ಲಿನಕ್ಸಿನಲ್ಲಿ ಲಕ್ಸ್ ಎಂಬ ವ್ಯವಸ್ಥೆಯಿದೆ. ಹಾಕಿದರೆ ಆ ಪಾಸ್‌ವರ್ಡನ್ನು ಮರೆಯುವಂತಿಲ್ಲ, ಮರೆತವರಿಗೆ ರಿಕವರಿ ಮೋಡೂ ಇಲ್ಲ. ನಿಮ್ಮ ಕಲಿಕೆಯ ಯಂತ್ರಕ್ಕೆ ಸದ್ಯ ಅದು ಬೇಡವೆಂಬುದು ನನ್ನ ಅಭಿಪ್ರಾಯ.

ಕುಶಾಲನಗರ ಉಪನ್ಯಾಸಕಿ

ನಾನು ಇದೇ ವಿಷಯವನ್ನು ಪಾಠ ಮಾಡುವವಳಾದ್ದರಿಂದ ಕೋರ್ಸಿನವರ ಕಡೆಯಿಂದ ಒಂದು ಮಾತು. ಪಾಠ ಸಿದ್ಧಪಡಿಸುವವರು ಬಹುಪಾಲು ಬ್ರೌಸರಿನೊಳಗೆ ತೆರೆಯುವ, ಪ್ರತಿ ಅಭ್ಯಾಸಕ್ಕೂ ಹೊಸದಾಗಿ ಹುಟ್ಟುವ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅಲ್ಲಿ ವಿದ್ಯಾರ್ಥಿ ಏನು ಕೆಡಿಸಿದರೂ ಮುಂದಿನ ಪಾಠಕ್ಕೆ ಎಲ್ಲವೂ ಹೊಸದು. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಫೈಬರ್ ಇರುವವರಿಗೆ ಅದು ಸುಖವೇ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮರ ಬಿದ್ದು ತಂತಿ ಹರಿದು, ಟವರಿನ ಬ್ಯಾಟರಿಯೂ ಮುಗಿದಿರುವ ಊರಿನ ಮಕ್ಕಳಿಗೆ ಆ ಕಿಟಕಿ ತೆರೆಯುವುದೇ ಇಲ್ಲ. ಅವರು ಅದೇ ಕಮಾಂಡುಗಳನ್ನು ತಮ್ಮ ಒಂದೇ ಒಂದು ಯಂತ್ರದ ಮೇಲೆ ಓಡಿಸುತ್ತಾರೆ. ಈ ವ್ಯತ್ಯಾಸವನ್ನು ಪಾಠದ ಮೊದಲ ಪುಟದಲ್ಲೇ ಹೇಳಬೇಕಿತ್ತು, ಹೇಳದೇ ಇದ್ದದ್ದು ಕೋರ್ಸಿನವರ ತಪ್ಪೇ.

ಹಾಗಾಗಿ, ನಿಮ್ಮ ಯಂತ್ರದಲ್ಲಿ, ಯಂತ್ರದೊಳಗೇ ಇನ್ನೊಂದು ಯಂತ್ರವನ್ನು ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿಕೊಂಡು, ಅದರೊಳಗೆ ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಲಿನಕ್ಸ್ ಹಾಕಿಕೊಳ್ಳಿ. 1 ಜಿಬಿ ಮೆಮೊರಿ ಕೊಟ್ಟರೆ ನಡೆಯುತ್ತದೆ. ಅಭ್ಯಾಸಕ್ಕೆ ಮುಂಚೆ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಸ್ಥಿತಿಯ ಪ್ರತಿ, ತೆಗೆದಿಟ್ಟುಕೊಂಡರೆ ಎಷ್ಟು ಸಲ ಕೆಡಿಸಿದರೂ ಹಿಂದಕ್ಕೆ ಹೋಗಬಹುದು. ಯಂತ್ರ ಏಳುವಾಗ ಏರಿಸಬೇಕಾದ ಡಿಸ್ಕುಗಳ ಪಟ್ಟಿಯಿರುವ, ಇಟಿಸಿ ಕೋಶದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಅಕ್ಷರ ತಪ್ಪಾಗಿ ಬರೆದು, ಯಂತ್ರ ಏಳದೆ ಎಮರ್ಜೆನ್ಸಿ ಮೋಡಿಗೆ ಹೋಗಿ ನಿಲ್ಲುವುದನ್ನು ಅಲ್ಲಿ ಬೇಕೆಂದೇ ಒಮ್ಮೆ ಮಾಡಿ ನೋಡಿ. ಹೊರಗಿನ ಡಿಸ್ಕಿನ ಸಾಲಿಗೆ ನೋಫೇಲ್ ಎಂದು ಸೇರಿಸಿದರೆ ಡಿಸ್ಕು ಇಲ್ಲದಿದ್ದರೂ ಯಂತ್ರ ಏಳುತ್ತದೆ ಎಂಬುದು ಆಗ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ನೆಟ್‌ವರ್ಕ್ ಇಲ್ಲದೆ ಕಲಿಯುವುದು ಹೇಗೆ ಎನ್ನುವವರಿಗೆ: ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಲಿನಕ್ಸ್ ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ, ಚಿಕ್ಕ ಚಿಕ್ಕ ಪಾಠಗಳು. ಸಂತೆಗೆ ಬಂದ ದಿನ ಇಳಿಸಿಕೊಂಡು ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಕಮಾಂಡುಗಳ ಕೈಪಿಡಿಯಾದ ಮ್ಯಾನ್ ಪುಟಗಳು ನಿಮ್ಮ ಯಂತ್ರದೊಳಗೇ ಇವೆ. ಯೂಸರ್‌ಮಾಡ್‌ನ ಮ್ಯಾನ್ ಪುಟದಲ್ಲಿ ದೊಡ್ಡ ಜಿ ಆಯ್ಕೆಯ ವಿವರಣೆಯನ್ನು ಓದಿದ್ದರೆ, ಪಟ್ಟಿಯಲ್ಲಿಲ್ಲದ ಗುಂಪುಗಳಿಂದ ಬಳಕೆದಾರನನ್ನು ತೆಗೆಯಲಾಗುವುದೆಂದು ಅಲ್ಲಿ ಸ್ಪಷ್ಟವಾಗಿ ಬರೆದಿರುವುದು ಕಾಣುತ್ತಿತ್ತು.

ಎಸ್ಟೇಟ್ ರೈಟರ್, ಸಿದ್ದಾಪುರ

ನಾನು ಕಾಫಿ ತೋಟದಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ನಾನೂ ಇಂಥದ್ದೇ ಕೋರ್ಸಿಗೆ ಸೇರಿದ್ದೇನೆ, ಪರೀಕ್ಷೆಗಿಂತ ಹೆಚ್ಚಾಗಿ ಆಫೀಸಿನ ಹಳೆಯ ಕಂಪ್ಯೂಟರನ್ನು ಉಪಯೋಗಕ್ಕೆ ತರಲು. ಮ್ಯಾನ್ ಪುಟದ ಇಂಗ್ಲಿಷು ಮೊದಲ ತಿಂಗಳು ನನಗೆ ಕಲ್ಲು ಅಗೆದಂತೆ ಇತ್ತು ಎಂಬುದನ್ನು ಮೇಡಂ ಅವರಿಗೆ ವಿನಯದಿಂದ ತಿಳಿಸುತ್ತೇನೆ. ಈಗ ಅಷ್ಟು ಕಷ್ಟವಿಲ್ಲ, ಏಕೆಂದರೆ ಅದರಲ್ಲಿ ಬರುವುದು ಹೆಚ್ಚುಕಡಿಮೆ ಅವೇ ಇನ್ನೂರು ಪದಗಳು.

ನನ್ನ ತೊಂದರೆ ಬೇರೆ. ತೋಟದಲ್ಲಿ ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತೇವೆ, ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಎಷ್ಟು ಬಿತ್ತು ಎಂಬುದು ಸಾಹುಕಾರರಿಗೆ ಬೆರಳ ತುದಿಯಲ್ಲಿ ಬೇಕು. ಹಳೆಯ ಪುಸ್ತಕಗಳನ್ನೆಲ್ಲ ಕಡತಕ್ಕೆ ಏರಿಸಿ, ತಿಂಗಳ ಮೊತ್ತ ಹಾಕಲು ಆಕ್ ಎಂಬ ಕಮಾಂಡಿನಲ್ಲಿ ಒಂದು ಸಾಲು ಬರೆದೆ. ನಾನು ಏರಿಸಿದ ವರ್ಷಗಳಿಗೆ ಮೊತ್ತ ಸರಿಯಾಗಿ ಬರುತ್ತದೆ, ನನಗಿಂತ ಹಿಂದಿನವರು ಏರಿಸಿದ ವರ್ಷಗಳಿಗೆ ಸೊನ್ನೆ ಬರುತ್ತದೆ. ಆ ವರ್ಷ ಸಿದ್ದಾಪುರದಲ್ಲಿ ಮಳೆಯೇ ಬೀಳಲಿಲ್ಲವೆಂದರೆ ಯಾರು ನಂಬುತ್ತಾರೆ?

ಎರಡನೆಯದು. ಮೊತ್ತದ ಕಡತವನ್ನು ದಿನಾಂಕದ ಹೆಸರಿನಲ್ಲಿ ಉಳಿಸುವ ಸಾಲನ್ನು, ನಿಗದಿತ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ಗೆ ಹಾಕಿದ್ದೇನೆ, 30 8 * * * ಎಂದು, ಅಂದರೆ ಪ್ರತಿದಿನ ಎಂಟೂವರೆಗೆ. ಟರ್ಮಿನಲ್ಲಿನಲ್ಲಿ ನಡೆಯುವ ಅದೇ ಸಾಲು ಕ್ರಾನ್‌ನಲ್ಲಿ ನಡೆಯುವುದಿಲ್ಲ.

ಹಳೆಯ ಅಡ್ಮಿನ್, ಮಡಿಕೇರಿ

ರೈಟರೇ, ನಿಮ್ಮ ಹಿಂದಿನವರು ಅಂಕಿಗಳನ್ನು ಕನ್ನಡದಲ್ಲಿ ಹೊಡೆದಿದ್ದಾರೆಯೇ ನೋಡಿ. ಆಕ್‌ಗೆ ಸಂಖ್ಯೆಯೆಂದರೆ 0ಯಿಂದ 9ರವರೆಗಿನ ಅಂಕಿಗಳು ಮಾತ್ರ, ೧.೨೦ ಎಂಬುದು ಅದಕ್ಕೆ ಬರಿಯ ಅಕ್ಷರಗಳ ಸಾಲು, ಲೆಕ್ಕಕ್ಕೆ ಬಂದಾಗ ಸೊನ್ನೆ. ಅದನ್ನು ಬದಲಿಸಲು ಪಾಠದಲ್ಲಿ ಹೇಳಿಕೊಟ್ಟ ಟಿಆರ್ ಕಮಾಂಡನ್ನು ಬಳಸಬೇಡಿ. ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಎಂಬ ಸಂಕೇತದಲ್ಲಿ ಕನ್ನಡದ ಒಂದೊಂದು ಅಂಕಿಯೂ ಮೂರು ಬೈಟು, ಗ್ನೂ ಟಿಆರ್ ಒಂದು ಬೈಟನ್ನು ಒಂದು ಅಕ್ಷರವೆಂದು ಎಣಿಸಿ ಎಲ್ಲವನ್ನೂ ಕಲಸಿಬಿಡುತ್ತದೆ. ಪಠ್ಯ ತಿದ್ದುವ ಸೆಡ್ ಕಮಾಂಡಿನ ವೈ ಎಂಬ ಸೂಚನೆಗೆ ೦೧೨೩೪೫೬೭೮೯ ಒಂದು ಕಡೆ, 0123456789 ಇನ್ನೊಂದು ಕಡೆ ಕೊಟ್ಟರೆ ಸರಿಯಾಗಿ ಬದಲಾಗುತ್ತದೆ. ಮೂಲ ಕಡತವನ್ನು ಮುಟ್ಟದೆ ಫಲಿತಾಂಶವನ್ನು ಬೇರೆ ಹೆಸರಿನಲ್ಲಿ ಉಳಿಸಿ. ಹಿಂದಿನವರ ಪುಸ್ತಕ ಗೆದ್ದಲಿಗೆ ಹೋಗಿದ್ದರೆ ಆ ಕಡತವೊಂದೇ ದಾಖಲೆ.

ಕ್ರಾನ್‌ನ ವಿಷಯದಲ್ಲಿ ತಪ್ಪು ಇರುವುದು ದಿನಾಂಕದಲ್ಲಿ. ದಿನಾಂಕ ಬರೆಯಿಸಲು ಬಳಸುವ ಶೇಕಡಾ ಚಿಹ್ನೆಗೆ ಕ್ರಾನ್‌ನ ಸಾಲಿನಲ್ಲಿ ಬೇರೆಯೇ ಅರ್ಥ, ಅದು ಅಲ್ಲಿಗೆ ಸಾಲನ್ನು ಮುರಿಯುತ್ತದೆ. ಪ್ರತಿ ಶೇಕಡಾ ಚಿಹ್ನೆಗೂ ಮೊದಲು ಹಿಮ್ಮುಖ ಓರೆಗೆರೆ ಹಾಕಬೇಕು. ಇಲ್ಲವೇ ಎಲ್ಲವನ್ನೂ ಒಂದು ಸ್ಕ್ರಿಪ್ಟ್ ಕಡತದಲ್ಲಿ ಬರೆದು ಕ್ರಾನ್‌ನಲ್ಲಿ ಅದರ ಪೂರ್ಣ ಹಾದಿಯನ್ನಷ್ಟೇ ಕೊಡಿ. ಎರಡನೆಯ ದಾರಿಯೇ ಒಳ್ಳೆಯದು, ಆರು ತಿಂಗಳ ನಂತರ ಓದಿದಾಗಲೂ ಅರ್ಥವಾಗುತ್ತದೆ.

ನಮ್ಮ ಕೊಡಗು ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ಮಾತನ್ನು ಯಾವ ಕೋರ್ಸೂ ಒತ್ತಿ ಹೇಳುವುದಿಲ್ಲ. ಎಂಟೂವರೆಗೆ ಕರೆಂಟ್ ಇಲ್ಲದೆ ಯಂತ್ರ ಆರಿದ್ದರೆ ಕ್ರಾನ್ ಆ ದಿನದ ಕೆಲಸವನ್ನು ಬಿಟ್ಟೇಬಿಡುತ್ತದೆ, ಹತ್ತಕ್ಕೆ ಕರೆಂಟ್ ಬಂದರೂ ಹಿಂದಿನದನ್ನು ನೆನೆಸಿಕೊಳ್ಳುವುದಿಲ್ಲ. ಬಿಟ್ಟುಹೋದದ್ದನ್ನು ಆಮೇಲೆ ಮಾಡಬೇಕಾದರೆ ಅನಾಕ್ರಾನ್ ಇದೆ, ಅಥವಾ ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಟೈಮರಿನಲ್ಲಿ ಪರ್ಸಿಸ್ಟೆಂಟ್ ಎಂಬುದಕ್ಕೆ ಟ್ರೂ ಎಂದು ಕೊಡಬಹುದು. ಹಾಗೆಯೇ ಎಪಿಟಿಯಿಂದ ತಂತ್ರಾಂಶ ಹಾಕುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ಗಾಬರಿಯಾಗದೆ ಡಿಪಿಕೆಜಿ ಕಮಾಂಡಿಗೆ ಕಾನ್ಫಿಗರ್ ಆಯ್ಕೆಯನ್ನೂ ಚಿಕ್ಕ ಎಯನ್ನೂ ಕೊಡಿ, ಅರ್ಧಕ್ಕೆ ನಿಂತದ್ದನ್ನು ಅದು ಮುಗಿಸುತ್ತದೆ. ಇಎಕ್ಸ್‌ಟಿ4 ಕಡತ ವ್ಯವಸ್ಥೆಗೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ಜರ್ನಲ್ ಇರುವುದರಿಂದ ಡಿಸ್ಕಿನ ರಚನೆ ಸಾಮಾನ್ಯವಾಗಿ ಉಳಿಯುತ್ತದೆ, ಆದರೆ ಕೊನೆಯ ಕೆಲವು ಸೆಕೆಂಡುಗಳಲ್ಲಿ ನೀವು ಬರೆದದ್ದು ಉಳಿದೇ ಉಳಿಯುತ್ತದೆ ಎಂದು ಅದು ಭರವಸೆ ಕೊಟ್ಟಿಲ್ಲ. ದೂರದ ಸರ್ವರಿನಲ್ಲಿ ಕೆಲಸ ಮಾಡುವವರು ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕ ಕೂಡಲೇ ಟಿಮಕ್ಸ್ ತೆರೆಯುವ ಅಭ್ಯಾಸ ಇಟ್ಟುಕೊಳ್ಳಿ. ಸಿಗ್ನಲ್ ಹೋದರೂ ಅತ್ತ ಕಡೆ ಕೆಲಸ ನಡೆಯುತ್ತಲೇ ಇರುತ್ತದೆ, ಸಿಗ್ನಲ್ ಬಂದಾಗ ಬಿಟ್ಟಲ್ಲಿಂದ ಹಿಡಿದುಕೊಳ್ಳಬಹುದು.

ವಿರಾಜಪೇಟೆ ಓದುಗ

ಎಲ್ಲರೂ ಕ್ಷಮಿಸಬೇಕು, ಆದರೆ ಇದನ್ನೆಲ್ಲ ಕಲಿತವರಿಗೆ ಕೆಲಸ ಎಲ್ಲಿದೆ? ಈಗ ಎಲ್ಲವೂ ಕ್ಲೌಡಿನಲ್ಲಿ ನಡೆಯುತ್ತದೆ, ಗುಂಡಿ ಒತ್ತಿದರೆ ಸರ್ವರ್ ಬರುತ್ತದೆ. ಗುಂಪು, ಅನುಮತಿ, 755, 644 ಎಂದು ಬಾಯಿಪಾಠ ಮಾಡುವ ಕಾಲ ಮುಗಿದಿದೆ ಎಂದು ನನ್ನ ಅನಿಸಿಕೆ.

ಕುಶಾಲನಗರ ಉಪನ್ಯಾಸಕಿ

ಗುಂಡಿ ಒತ್ತಿದಾಗ ಬರುವ ಸರ್ವರೂ ಬಹುತೇಕ ಲಿನಕ್ಸೇ ಆಗಿರುತ್ತದೆ, ಅದರೊಳಗೆ ಅನುಮತಿ ಕೆಟ್ಟರೆ ಸರಿಮಾಡುವ ಗುಂಡಿಯನ್ನು ಯಾರೂ ಇಟ್ಟಿರುವುದಿಲ್ಲ. ಬಾಯಿಪಾಠ ಬೇಡವೆನ್ನುವುದನ್ನು ಮಾತ್ರ ಒಪ್ಪುತ್ತೇನೆ. ಓದಲು 4, ಬರೆಯಲು 2, ಓಡಿಸಲು 1 ಎಂದು ತಿಳಿದರೆ 755 ಎಂಬುದನ್ನು ಕೂಡಿಕೊಳ್ಳಬಹುದು. ಆದರೆ ಕೋಶಗಳ ವಿಷಯದಲ್ಲಿ ಆ 1 ಎಂದರೆ ಓಡಿಸುವುದಲ್ಲ, ಒಳಗೆ ಹೊಗುವುದು. ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೋಶಕ್ಕೆ 644 ಕೊಟ್ಟು, ಕಡತದ ಹೆಸರು ಕಾಣುತ್ತದೆ, ತೆರೆಯಲಾಗುವುದಿಲ್ಲವೇಕೆ ಎಂದು ಕೇಳುತ್ತಾರೆ.

ಪರೀಕ್ಷೆಗಳ ಮಾತಿಗೆ ಬಂದರೆ, ಲಿನಕ್ಸ್ ಕಂಪನಿ ರೆಡ್ ಹ್ಯಾಟಿನ ಆರ್‌ಎಚ್‌ಸಿಎಸ್‌ಎ ಪೂರ್ತಿ ಪ್ರಾಯೋಗಿಕ ಪರೀಕ್ಷೆ. ಯಂತ್ರದ ಮುಂದೆ ಕೂರಿಸಿ ಕೆಲಸ ಕೊಡುತ್ತಾರೆ, ಇಂಟರ್‌ನೆಟ್ ಇರುವುದಿಲ್ಲ, ಯಂತ್ರದೊಳಗಿನ ಮ್ಯಾನ್ ಪುಟಗಳೇ ಆಸರೆ. ಶನಿವಾರಸಂತೆಯ ಹುಡುಗಿ ಕಳೆದ ವಾರ ನೆಟ್‌ವರ್ಕ್ ಇಲ್ಲದೆ ಕತ್ತಲಲ್ಲಿ ಮಾಡಿದ್ದು ಅದೇ ಪರೀಕ್ಷೆಯನ್ನು, ಶುಲ್ಕ ಕಟ್ಟದೆ. ಲಿನಸ್ ಟೊರ್ವಾಲ್ಡ್ಸ್ ಕರ್ನಲ್ ಪ್ರಕಟಿಸಿದ ವರ್ಷ 1991 ಎಂದು ಕೇಳುವ ಪ್ರಶ್ನೆಪತ್ರಿಕೆಗಳು ನಮ್ಮಲ್ಲಿ ಇನ್ನೂ ಇವೆ, ಅದು ಬೇರೆ ಮಾತು.

ಎಸ್ಟೇಟ್ ರೈಟರ್, ಸಿದ್ದಾಪುರ

ಅಡ್ಮಿನ್ ಸರ್ ಹೇಳಿದ್ದು ನಿಜ, ಹಿಂದಿನವರು ಕನ್ನಡ ಅಂಕಿಯಲ್ಲೇ ಹೊಡೆದಿದ್ದರು. ಸೆಡ್‌ನಿಂದ ಬದಲಿಸಿದ ಮೇಲೆ ಮಳೆ ಬಂತು. ಕಡತಗಳಿಗೆ ಕನ್ನಡದಲ್ಲಿ ಉದ್ದುದ್ದ ಹೆಸರಿಟ್ಟಿದ್ದರಿಂದ ಇನ್ನೊಂದು ಪಾಠವೂ ಆಯಿತು. ತೋಟದ ಹೆಸರು, ಬ್ಲಾಕು, ತಿಂಗಳು, ವರ್ಷ, ಏರಿಸಿದವರ ಹೆಸರು ಎಲ್ಲ ಸೇರಿಸಿ ಇಟ್ಟರೆ ಹೆಸರು ತೀರಾ ಉದ್ದವಾಯಿತೆಂದು ಕಡತವೇ ಹುಟ್ಟಲಿಲ್ಲ. ಹೆಸರಿಗೆ ಮಿತಿ 255 ಬೈಟುಗಳು, ಇಂಗ್ಲಿಷಿನವರಿಗೆ ಅದು 255 ಅಕ್ಷರ, ನಮಗೆ 85. ಅದರಲ್ಲೂ ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಮಳೆ’ ಎಂಬ ಎರಡಕ್ಷರಕ್ಕೆ ಒಂಬತ್ತು ಬೈಟು ಬೀಳುತ್ತದೆ. ಡಬ್ಲ್ಯೂಸಿ ಕಮಾಂಡಿನಲ್ಲಿ ಎಣಿಸಿ ನೋಡಿದರೆ ಸಾಲು ಮುಗಿಸುವ ಒಂದು ಬೈಟೂ ಸೇರಿ ಹತ್ತು ಎಂದು ತೋರಿಸುತ್ತದೆ.

ಶನಿವಾರಸಂತೆ ವಿದ್ಯಾರ್ಥಿನಿ

ಮೇಡಂ ಹೇಳಿದಂತೆ ಡೆಬಿಯನ್ ಹಾಕಿಕೊಂಡೆ. ಲ್ಯಾಪ್‌ಟಾಪಿನಲ್ಲಿ 4 ಜಿಬಿ ಮೆಮೊರಿ ಇರುವುದರಿಂದ ಬ್ರೌಸರ್ ಮುಚ್ಚಿದರೆ ಮಾತ್ರ ಚೆನ್ನಾಗಿ ಓಡುತ್ತದೆ. ನೆಟ್‌ವರ್ಕ್ ಹೇಗೂ ಇಲ್ಲದ್ದರಿಂದ ಅದು ತೊಂದರೆಯೆನಿಸಿಲ್ಲ. ನಿನ್ನೆ ಎಫ್‌ಎಸ್‌ಟ್ಯಾಬನ್ನು ಬೇಕೆಂದೇ ಕೆಡಿಸಿ, ಎಮರ್ಜೆನ್ಸಿ ಮೋಡಿನಿಂದ ಸರಿಮಾಡಿದೆ. ಮೊದಲ ಸಲ ಮುಕ್ಕಾಲು ಗಂಟೆ, ಮೂರನೆಯ ಸಲ ನಾಲ್ಕು ನಿಮಿಷ ಹಿಡಿಯಿತು.

ಲ್ಯಾಪ್‌ಟಾಪಿನಲ್ಲಿಯೂ ಸುಡೊ ಅಧಿಕಾರವಿರುವ ಎರಡನೆಯ ಖಾತೆಯೊಂದನ್ನು ಮಾಡಿಟ್ಟಿದ್ದೇನೆ. ಗುಂಪುಗಳನ್ನೋ ಸುಡೊಯರ್ಸ್ ಕಡತವನ್ನೋ ಮುಟ್ಟುವಾಗ ಇನ್ನೊಂದು ಟರ್ಮಿನಲ್ಲಿನಲ್ಲಿ ಆ ಖಾತೆಯಿಂದ ಒಳಗಿದ್ದು, ಬದಲಾವಣೆಯ ನಂತರ ಹೊಸದಾಗಿ ಲಾಗಿನ್ ಆಗಿ ನೋಡಿದ ಮೇಲಷ್ಟೇ ಅದನ್ನು ಮುಚ್ಚುತ್ತೇನೆ. ಕೋರ್ಸಿನವರ ಉತ್ತರ ಇವತ್ತು ಬಂತು. ಹೊಸದಾಗಿ ಹಾಕಿಕೊಳ್ಳಿ ಎಂದಿದ್ದಾರೆ.